ಪಾನಿಪುರಿ ಡಬ್ಬಿಯ ಮೂರು ಮುಚ್ಚಳ

ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯಲ್ಲಿ ಎಲ್ಲರೂ ನೋಡಿರುತ್ತೀರಿ. ಅದಕ್ಕೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿಗೆ ಇದನ್ನು ತೋರಿಸಿ ನಾವು ದೊಡ್ಡ ವಿಜ್ಞಾನಿಯ ಹಾಗೆ ನಿಂತಿದ್ದೆವು. ಅವಳು, “ಅಂಕಲ್, ನಮ್ಮ ಮನೆಗೆ ಬರೋ ಧೂಳು ಗುಡ್ಡದ್ದಾ, ರೋಡಿಂದಾ? ಅದನ್ನೂ ಹೀಗೇ ಕಂಡುಹಿಡೀಬಹುದಾ?” ಅಂದಳು.

ಕೋರಮಂಡಲ್‌ನಲ್ಲಿ ಗುಡ್ಡ ಅಂದರೆ ಸೈನೈಡ್ ಗುಡ್ಡ. ಅದಿರನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅದು. 2001ರಲ್ಲಿ ಗಣಿ ಮುಚ್ಚಿತು, ಗುಡ್ಡ ಉಳಿಯಿತು. ಆಷಾಢದ ಗಾಳಿ ಎದ್ದರೆ ಒಗೆದ ಬಟ್ಟೆ, ಅನ್ನದ ಪಾತ್ರೆ, ಎಲ್ಲದರ ಮೇಲೂ ಅದೇ. ನಾವು ಎಷ್ಟೋ ಸಲ ಸುದ್ದಿ ಕಳಿಸಿದ್ದೇವೆ. “ಧೂಳಿಗೆ ಜನ ಹೈರಾಣ” ಅಂತ ನಾಲ್ಕು ಸಾಲು, ಒಂದು ಫೋಟೊ. ಒಂದು ಸಲವೂ ಅಳೆದು ನೋಡಿರಲಿಲ್ಲ.

ಬಂಗಾರಪೇಟೆಯಿಂದ ಪಾನಿಪುರಿ ಕಟ್ಟಿಸಿಕೊಂಡು ಬಂದಿದ್ದ ಡಬ್ಬಿಗಳ ಪಾರದರ್ಶಕ ಮುಚ್ಚಳ ಮೂರು ಇದ್ದವು. ಕೊಬ್ಬರಿ ಎಣ್ಣೆ ಸವರಿ ಇಟ್ಟೆವು. ಬೆಳಗಾಗುವುದರೊಳಗೆ ಇರುವೆ ಸಾಲು! ಎರಡನೇ ಸಲ ವ್ಯಾಸಲೀನ್, ತೆಳ್ಳಗೆ. ಒಂದು ಗುಡ್ಡದ ಕಡೆ ಕಿಟಕಿಗೆ, ಒಂದು ರಸ್ತೆ ಕಡೆ ಕಿಟಕಿಗೆ. ಮೂರನೆಯದನ್ನು ಅವಳು ಟ್ರಂಕಿನೊಳಗೆ ಇಟ್ಟು ಮುಚ್ಚಿದಳು. ಯಾಕಮ್ಮ ಅಂದರೆ, “ಧೂಳೇ ಇಲ್ಲದಿದ್ದರೆ ಹೇಗಿರುತ್ತೆ ಅಂತ ಗೊತ್ತಾಗಬೇಕಲ್ಲ.” ಬಟ್ಟೆ ಹಗ್ಗಕ್ಕೆ ಒಂದು ಲಾಡಿ ಕಟ್ಟಿ ಗಾಳಿಯ ದಿಕ್ಕನ್ನೂ ಬರೆದುಕೊಂಡಳು.

1965ರಲ್ಲಿ ಪಕ್ಕದ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಿಜ್ಞಾನಿಗಳು ನ್ಯೂಟ್ರಿನೊ ಕಣದ ಗುರುತು ಹಿಡಿದರು. ಆಕಾಶದಿಂದ ಬೀಳುವ ಬೇರೆ ಕಣಗಳನ್ನು ಮೇಲಿನ ಬಂಡೆಯೇ ತಡೆಯಲಿ ಅಂತಲೇ ಅಷ್ಟು ಕೆಳಗೆ ಇಳಿದಿದ್ದು. ಅವರಿಗೆ ಬಂಡೆ, ಇವಳಿಗೆ ಟ್ರಂಕು.

ಮರುದಿನ ಮೂರನ್ನೂ ಕರಿ ಸ್ಲೇಟಿನ ಮೇಲಿಟ್ಟು ಫೋನಿನಲ್ಲಿ ಝೂಮ್ ಮಾಡಿದೆವು. ಟ್ರಂಕಿನದು ಸ್ವಚ್ಛ. ರಸ್ತೆಯದರಲ್ಲಿ ಕಂದು ಮರಳು, ನೂಲಿನ ಎಳೆ. ಗುಡ್ಡದ ಕಡೆಯದು ರಾಗಿ ಗಿರಣಿಯ ಕಿಟಕಿಯ ಹಾಗೆ, ನುಣ್ಣಗೆ ಬೂದು. ಗಾಳಿ ತಿರುಗಿದ ದಿನ ಮತ್ತೆ ಇಟ್ಟೆವು. ಗುಡ್ಡದ ಮುಚ್ಚಳ ಅರ್ಧಕ್ಕರ್ಧ ತೆಳುವಾಗಿತ್ತು.

ಇದರಿಂದ ಧೂಳಿನಲ್ಲಿ ಏನಿದೆ ಅಂತ ತಿಳಿಯುವುದಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ ಕಣ್ಣಿಗೆ ಕಾಣುವುದೂ ಇಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ನೀವೂ ಮಾಡುವುದಾದರೆ ಮಕ್ಕಳನ್ನು ಗುಡ್ಡದ ಹತ್ತಿರ ಕಳಿಸಬೇಡಿ, ಕಿಟಕಿ ಸಾಕು. ಮುಗಿದ ಮೇಲೆ ಕೈ ತೊಳೆಸಿ.

13 ಗುಡ್ಡಗಳ ಮಣ್ಣನ್ನು ಮತ್ತೆ ಸಂಸ್ಕರಿಸಲು 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿದೆ ಅಂತ ನಾವು ಅವಳಿಗೆ ಹೇಳಿದೆವು. ಮುಚ್ಚಳಗಳನ್ನು ತೊಳೆಯಲು ಹೊರಟಿದ್ದವಳು ನಿಂತಳು. ಪ್ಲಾಸ್ಟಿಕ್ ಕವರಿಗೆ ಹಾಕಿ, ತಾರೀಖು ಬರೆದು, ಟ್ರಂಕಿನ ತಳದಲ್ಲಿ ಇಟ್ಟಳು.

“ಅಗೆಯೋಕೆ ಶುರು ಮಾಡಿದ ದಿನ ಹೇಳಿ ಅಂಕಲ್, ಮತ್ತೆ ಇಡೋಣ.”