ಕೈಗೆ ಮೈಲಿಗೆ, ತಲೆಗೆ ಬರಗಾಲ

ಯುರೋಪಿನಾಗ ವಿಜ್ಞಾನ ಹ್ಯಾಂಗ ಹುಟ್ಟಿತು ಅಂತ ಕೇಳಿದರೆ ನಮ್ಮ ಪಠ್ಯಪುಸ್ತಕಗಳು ಮೂರು ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತವೆ. ಕೋಪರ್ನಿಕಸ್, ಗೆಲಿಲಿಯೊ, ನ್ಯೂಟನ್. ಮೂವರೂ ಮಹಾ ಬುದ್ಧಿವಂತರು. ಪರೀಕ್ಷೆಯಲ್ಲಿ ಐದು ಅಂಕ. ಅಸೂಟಿಯ ಕೇರಿಯಿಂದ ಶಾಲೆಗೆ ಹೋದ ನಾವು ಇದನ್ನೇ ಉರು ಹೊಡೆದು ಪಾಸಾದೆವು. ಆ ಮೂವರ ಹಿಂದೆ ನಿಂತ ಕೈಗಳು ಯಾರವು ಎಂದು ಯಾವ ಪುಸ್ತಕವೂ ಹೇಳಲಿಲ್ಲ.

ಗೆಲಿಲಿಯೊನ ಕೊನೆಯ ದೊಡ್ಡ ಪುಸ್ತಕ ಅಚ್ಚಾದದ್ದು 1638ರಲ್ಲಿ. ಅದರೊಳಗಿನ ಸಂವಾದ ಶುರುವಾಗುವುದು ದೇವರಿಂದಲ್ಲ, ವೆನಿಸ್ ನಗರದ ಹಡಗು ಕಟ್ಟುವ ಕಾರ್ಖಾನೆಯಿಂದ. ಅಲ್ಲಿಯ ಕಸುಬುದಾರರ ಜೊತೆ ಮಾತಾಡಿ ಬಹಳ ಕಲಿತೆವು ಎಂಬ ಮಾತೇ ಅಲ್ಲಿ ಮೊದಲು ಬರುತ್ತದೆ. ಅದೇ ಪುಸ್ತಕದಲ್ಲಿ ಒಂದು ಪಂಪಿನ ಕತೆಯಿದೆ. ನೀರು ಮೇಲೆ ಬರುತ್ತಿಲ್ಲ, ಪಂಪು ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸುತ್ತಾರೆ. ಅವನು ನೋಡಿ, ಪಂಪು ಕೆಟ್ಟಿಲ್ಲ, ನೀರು ಕೆಳಗಿಳಿದಿದೆ, ಹದಿನೆಂಟು ಮೊಳದ ಮೇಲೆ ಯಾವ ಪಂಪೂ ನೀರನ್ನು ಹೀರಿ ಎತ್ತುವುದಿಲ್ಲ ಎನ್ನುತ್ತಾನೆ. (ಸುಮಾರು 10 ಮೀಟರು, ಅವರ ಮೊಳ ನಮ್ಮ ಮೊಳಕ್ಕಿಂತ ಉದ್ದ.) ಆ ಕೆಲಸಗಾರನ ಹೆಸರು ಪುಸ್ತಕದಲ್ಲಿಲ್ಲ. ಆದರೆ ಅವನ ಮಾತು ಇದೆ. ಆ ಮಾತಿನ ಬೆನ್ನು ಹತ್ತಿದವರಲ್ಲಿ ಟೊರಿಚೆಲ್ಲಿ ನೀರಿನ ಬದಲು ಪಾದರಸ ಹಿಡಿದ. ಕೊಳವೆಯಲ್ಲಿ ಅದು 76 ಸೆಂಟಿಮೀಟರಿಗೆ ನಿಂತಿತು. ಗಾಳಿಗೆ ತೂಕವಿದೆ ಎಂದು 1644ರಲ್ಲಿ ಬರೆದ.

ಈಗ ನಮ್ಮ ಬಾವಿಗೆ ಬರ್ರಿ. ಎರೆ ಸೀಮೆಯೊಳಗೆ ಬಾವಿ ತೋಡುವುದು ಹುಡುಗಾಟಲ್ಲ. ಎಷ್ಟು ಆಳಕ್ಕೆ ಎರೆ ಮುಗಿದು ಗರಸು ಬರುತ್ತದೆ, ಯಾವ ಕಡೆ ಸವಳು ನೀರು, ಯಾವ ಹೊತ್ತಿಗೆ ದಂಡೆ ಕುಸಿಯುತ್ತದೆ, ಇದೆಲ್ಲ ಗುದ್ದಲಿ ಹಿಡಿದವನಿಗೆ ಗೊತ್ತು. ಕೇರಿಯ ಹಿರಿಯರೊಬ್ಬರು ಹೇಳಿದ್ದು: 'ನೀರು ಬಿದ್ದ ದಿವಸ ನಾವು ಮ್ಯಾಲೆ ಬಂದಿವಿ ತಮ್ಮಾ. ಆಮ್ಯಾಗ ಆ ಬಾವ್ಯಾಗ ಇಳಿಯೂದು ದೂರ ಉಳೀತು, ಹಗ್ಗಾನೂ ಮುಟ್ಟಗೊಡಲಿಲ್ಲ.' ತೋಡಿದವನು ದೂರ ನಿಂತು, ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಕೊಡ ಚಾಚುವ ಊರಿನಲ್ಲಿ, ಅವನನ್ನು ನೀರಿನ ಬಗ್ಗೆ ಕೇಳಿ ಬರೆದುಕೊಳ್ಳುವವರು ಯಾರು? ಪಂಪಿನವನ ಮಾತು ಗೆಲಿಲಿಯೊನ ಕಿವಿಗೆ ಬಿತ್ತು. ನಮ್ಮವರ ಮಾತು ಬಾವಿಯೊಳಗೇ ಉಳಿಯಿತು.

ವೈದ್ಯದ ಕತೆಯೂ ಇದೇ. ಯುರೋಪಿನ ವಿದ್ಯಾಲಯಗಳಲ್ಲಿ ಮೊದಲು ಪ್ರೊಫೆಸರರು ಎತ್ತರದ ಪೀಠದ ಮೇಲೆ ಕೂತು ಗೇಲನ್ನನ ಹಳೇ ಗ್ರಂಥ ಓದುತ್ತಿದ್ದರು. ಕೆಳಗೆ ಕ್ಷೌರಿಕನೊಬ್ಬ ಹೆಣ ಕೊಯ್ಯುತ್ತಿದ್ದ. ಓದಿದ್ದಕ್ಕೂ ಕೊಯ್ದದ್ದಕ್ಕೂ ತಾಳೆ ಇರಲಿಲ್ಲ, ಯಾರೂ ನೋಡಲೂ ಇಲ್ಲ. ವೆಸೇಲಿಯಸ್ ಪೀಠ ಇಳಿದು ಬಂದು ತಾನೇ ಚಾಕು ಹಿಡಿದ. 1543ರ ಅವನ ಪುಸ್ತಕದ ಮೊದಲ ಪುಟದ ಚಿತ್ರದಲ್ಲಿ ಅವನ ಕೈ ಹೆಣದ ಮೇಲಿದೆ. ಗೇಲನ್ನನ ತಪ್ಪುಗಳು ಒಂದೊಂದಾಗಿ ಹೊರಬಿದ್ದವು. ಇಷ್ಟೇ ನೋಡ್ರಿ ಕ್ರಾಂತಿ: ಓದುವ ಕಣ್ಣು, ಕೊಯ್ಯುವ ಕೈ ಒಂದೇ ಮೈಯಲ್ಲಿ ಕೂಡಿದ್ದು.

ನಮ್ಮಲ್ಲಿ? ಹೆಣ ಕೊಯ್ದು ಕಲಿಯಬೇಕು ಎಂದು ಸುಶ್ರುತ ಸಂಹಿತೆಯೇ ಹೇಳಿತ್ತು. ಆಮೇಲೆ ಹೆಣ ಮುಟ್ಟುವುದು ಮೈಲಿಗೆಯಾಯಿತು. ಬಂಗಾಳದ ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ 1902ರಲ್ಲೇ, ಹಿಂದೂ ರಸಾಯನಶಾಸ್ತ್ರದ ಚರಿತ್ರೆ ಬರೆಯುತ್ತ, ಈ ದೇಶದಲ್ಲಿ ವಿಜ್ಞಾನದ ಬುದ್ಧಿ ಬತ್ತಿದ್ದಕ್ಕೆ ಜಾತಿಯೇ ದೊಡ್ಡ ಕಾರಣ ಎಂದು ಬರೆದರು. ಕೈಕಸುಬನ್ನು ಕೀಳು ಜಾತಿಗೆ ತಳ್ಳಿದ ಮೇಲೆ ಓದಿದವರಿಗೆ ವಸ್ತುವಿನ ಸಂಗವೇ ತಪ್ಪಿತು ಎಂದರು. ಅವರು ದಲಿತರಲ್ಲ, ಚಳವಳಿಯವರೂ ಅಲ್ಲ. ಪ್ರಯೋಗಶಾಲೆಯಲ್ಲಿ ನಿಂತು ಕಂಡುಕೊಂಡ ಸತ್ಯ ಅದು.

ಟಿಪ್ಪುವಿನ ಕಾಲದ ಒಂದು ಸಂಗತಿ. 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತಿನ ಗಾಡಿಯವ ಕಾವಸಜಿ ಟಿಪ್ಪುವಿನ ಸೈನಿಕರಿಗೆ ಸಿಕ್ಕು ಮೂಗು ಕೊಯ್ಸಿಕೊಂಡ. ಪುಣೆಯ ಕಡೆ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದು ಚಿತ್ರ ಸಮೇತ ಬಂತು. ಅದನ್ನು ಓದಿದ ಡಾಕ್ಟರ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಇದೇ ಶಸ್ತ್ರಕ್ರಿಯೆ ಮಾಡಿದ. ಕಾರ್ಪ್ಯೂನ ಹೆಸರು ಚರಿತ್ರೆಯಲ್ಲಿದೆ. ಕಾವಸಜಿಯ ಹೆಸರೂ ಇದೆ. ಮೂಗು ಕಟ್ಟಿದವನದು ಜಾತಿ ಮಾತ್ರ ಉಳಿದಿದೆ.

ಹಾಗಂತ ಯುರೋಪನ್ನು ಪೂಜೆ ಮಾಡಲು ನಾವು ಹೊರಟಿಲ್ಲ. ಅದೇ ಕಾಲದಲ್ಲಿ ಅವರು ಹೆಂಗಸರನ್ನು ಮಾಟಗಾತಿಯರೆಂದು ಸುಟ್ಟರು. ಗ್ರಹಗಳ ದಾರಿ ಲೆಕ್ಕ ಹಾಕಿದ ಕೆಪ್ಲರನ ತಾಯಿಯೇ ಆ ಆರೋಪದಲ್ಲಿ ಸೆರೆಯಾದಳು. ಮಗ ಹೋಗಿ ವಾದಿಸಿ 1621ರಲ್ಲಿ ಬಿಡಿಸಿಕೊಂಡ. ಲಂಡನ್ನಿನ ರಾಯಲ್ ಸೊಸೈಟಿ ಗುಲಾಮರನ್ನು ಮಾರುವ ಕಂಪನಿಯಲ್ಲಿ ಪಾಲು ಇಟ್ಟಿತ್ತು. ಬ್ರೂನೋನನ್ನು 1600ರಲ್ಲಿ ರೋಮಿನಲ್ಲಿ ಜೀವಂತ ಸುಟ್ಟರು. ಗೆಲಿಲಿಯೊ ಪಂಡಿತರ ಲ್ಯಾಟಿನ್ ಬಿಟ್ಟು ಜನರ ಇಟಾಲಿಯನ್ನಿನಲ್ಲಿ 1632ರಲ್ಲಿ ಬರೆದ, ಮರುವರ್ಷ ಮಂಡಿಯೂರಿಸಿದರು. ಜನರ ಮಾತಿನಲ್ಲಿ ಬರೆಯುವುದು ಎಂಥ ಅಪರಾಧ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುವ ಹರಳಯ್ಯ ಅನುಭವದ ಮಾತಾಡುವವರ ಸಾಲಿನಲ್ಲಿ ಕೂತ ಮೇಲೆ ಏನಾಯಿತೆಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ದೂರದ ಮಾತು ಯಾಕೆ? ನಮ್ಮ ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು.

1980ರ ಫೆಬ್ರುವರಿ 16ರ ಗ್ರಹಣವನ್ನು ಇಲ್ಲಿ ನೆನೆಯಲೇಬೇಕು. ಚಂದ್ರನ ನೆರಳು ಅಂಕೋಲೆಯ ಕಡೆಯಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರು ಸೀಮೆ ದಾಟಿ ಹೋಯಿತು. ನಮ್ಮ ರೋಣ ತಾಲೂಕೂ ಆ ನೆರಳೊಳಗಿತ್ತು. ರಾಯಚೂರು ಜಿಲ್ಲೆಯ ಜವಳಗೇರಿಗೆ ವಿಜ್ಞಾನಿಗಳು ದುರ್ಬೀನು ಹೊತ್ತು ಬಂದಿದ್ದರು. ನಮ್ಮ ಊರುಗಳು ಬಾಗಿಲು ಹಾಕಿಕೊಂಡು ಕೂತಿದ್ದವು. ಹಾಡಹಗಲೇ ಎರಡು ನಿಮಿಷ ಕತ್ತಲಾಗಿ ಚುಕ್ಕಿ ಮೂಡಿದ್ದನ್ನು ಕಾಣದೇ ಹೋದ ಸಾವಿರಾರು ಜೋಡಿ ಕಣ್ಣು. ಅದಕ್ಕೆ ನಾಲ್ಕು ವರ್ಷ ಹಿಂದೆ, 1976ರಲ್ಲಿ, ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ್ದರು. ಆ ಪ್ರಶ್ನೆ ನಮ್ಮ ಕೇರಿಯ ತನಕ ಬಸ್ಸು ಹತ್ತಲಿಲ್ಲ.

ನಮ್ಮ ಅಜ್ಜಂದಿರು ಸತ್ತ ದನದ ತೊಗಲು ಬಿಡಿಸಿ, ಸುಣ್ಣದ ಗುಂಡಿಯಲ್ಲಿ ನೆನೆಸಿ, ಕೂದಲು ತೆಗೆದು, ತಂಗಡಿ ತೊಗಟೆಯ ನೀರಲ್ಲಿ ಹದ ಮಾಡುತ್ತಿದ್ದರು. ಮಿಣಿ, ಬಾರುಕೋಲು, ಹಲಗಿ, ಊರಿನ ಕಾಲಿಗೆಲ್ಲ ಕೆರ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನ ಹೊರುವುದನ್ನು ಬಿಡಿ ಎಂದರು. ನಮ್ಮ ಕೇರಿಗೆ ಆ ಮಾತು ಮುಟ್ಟಲು ಬಹಳ ವರ್ಷ ಹಿಡಿಯಿತು, ಮುಟ್ಟಿದ ಮೇಲೆ ಬಿಟ್ಟರು. ಬಿಟ್ಟದ್ದೇ ಸರಿ, ಆ ನಾತ, ಆ ಬೈಗುಳ ಮರಳಿ ಬರಲಿ ಎಂದು ಕಸುಬಿನ ಹಾಡು ಹಾಡುವವರಿಗೆ ನಮ್ಮ ಧಿಕ್ಕಾರ. ಆದರೆ ಗುಂಡಿ ಮುಚ್ಚಿದಾಗ ಅದರ ಜೊತೆ ಒಂದು ರಸಾಯನಶಾಸ್ತ್ರವೂ ಮುಚ್ಚಿಹೋಯಿತು.

ಈಗ ನಮ್ಮ ಕೇರಿಯ ಹುಡುಗಿಯೊಬ್ಬಳು ಗದಗಿಗೆ ಹೋಗಿ ಬಿ.ಎಸ್ಸಿ. ಓದುತ್ತಾಳೆ. ತೊಗಟೆಯೊಳಗಿನ ಟ್ಯಾನಿನ್ ಬಗ್ಗೆ ಪಾಠ ಕೇಳಿ ಬಂದ ದಿನ ಆಯಿಯ ಮುಂದೆ ಕೂತು ಕೇಳಿದಳು: 'ಆಯಿ, ತೊಗಟಿ ನೀರು ಎಷ್ಟು ಸಲ ಬದಲಿ ಮಾಡತಿದ್ರಿ?'

'ಒಮ್ಮೆಲೇ ಗಟ್ಟಿ ನೀರು ಹಾಕಿದರ ತೊಗಲು ಮ್ಯಾಲೆ ಬಿರುಸಾಗಿ ಒಳಗ ಹಸಿ ಉಳೀತೈತಿ. ಮೊದಲ ತೆಳ್ಳಗ, ಆಮ್ಯಾಗ ಗಟ್ಟಿ.'

'ಎಷ್ಟು ದಿವಸ?'

'ಬ್ಯಾಸಗ್ಯಾಗ ಬ್ಯಾರೆ, ಥಂಡ್ಯಾಗ ಬ್ಯಾರೆ. ಬರಕೊಳ್ಳತೇನು? ತಡಿ ಹಂಗಾರ, ಸಾವಕಾಶ ಹೇಳತೀನಿ.'