ಆಗುಂಬೆಯ ದಾರಿಯಲ್ಲಿ ಅಕ್ಷಯಪಾತ್ರೆ

ತೀರ್ಥಹಳ್ಳಿಯಿಂದ ಪಡುವಣಕ್ಕೆ ಹೊರಟ ಹೆದ್ದಾರಿಯು ಸುಮಾರು 30 ಕಿಲೋಮೀಟರು ಸಾಗಿ ಆಗುಂಬೆಯನ್ನು ಸೇರುವುದು. ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿರುವ ಈ ಊರಿನಲ್ಲಿ ವರ್ಷವೊಂದಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದೆಂಬುದನ್ನು ವಾಚಕರು ಬಲ್ಲರು. ಊರು ದಾಟಿದೊಡನೆ ನೆಲವೇ ಕುಸಿದಂತಾಗಿ, 14 ತಿರುವುಗಳ ಘಟ್ಟದ ದಾರಿಯು ಸೋಮೇಶ್ವರಕ್ಕೆ ಇಳಿಯುವುದು. ಎರಡು ಪಕ್ಕಗಳಲ್ಲಿಯೂ ದಟ್ಟವಾದ ಅರಣ್ಯ. ನಡುದಾರಿಯಲ್ಲಿ ವಾಹನವು ನಿಂತಿತೆಂದರೆ ಹಿಂದೆ ಬರುವವರಿಗೂ ಸಂಕಟ.

2023ನೆಯ ಇಸವಿಯ ಡಿಸೆಂಬರಿನಲ್ಲಿ ನಾವು ಮೂವರು ಈ ಮಾರ್ಗವಾಗಿ ಮಣಿಪಾಲಕ್ಕೆ ಹೋಗಬೇಕಾಯಿತು. ಮರುದಿನ ಪ್ರಾತಃಕಾಲ ನಮ್ಮ ಅಕ್ಕನವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯು ನಿಶ್ಚಯವಾಗಿದ್ದಿತು. ಒಂದು ಕಣ್ಣು ಹಿಂದೆಯೇ ನಷ್ಟವಾಗಿದ್ದುದರಿಂದ ಉಳಿದುದರ ಮೇಲೆಯೇ ಸರ್ವಾಶೆ. ಕೈಲಾಸವಾಸಿಗಳಾದ ಭಾವನವರು ಓಡಿಸುತ್ತಿದ್ದ 1960ರ ದಶಕದ ಅಂಬಾಸಡರ್ ಕಾರಿನಲ್ಲಿಯೇ ಹೋಗಬೇಕೆಂದು ಅವರ ಹಟ. ನಡೆಸುವವನು ಅವರ ಮಗ.

ತೀರ್ಥಹಳ್ಳಿಯಲ್ಲಿ ಪೆಟ್ರೋಲಿನ ಮುಳ್ಳು ಅರ್ಧದಲ್ಲಿದ್ದಿತು. ಆಗುಂಬೆಯಲ್ಲಿ ನೋಡಿದರೆ ಪೂರ್ಣವನ್ನು ತೋರಿಸುತ್ತಿದೆ!

“ಇದೇನಪ್ಪ, ದ್ರೌಪದಿಯ ಅಕ್ಷಯಪಾತ್ರೆಯೆ?” ಎಂದೆನು.

“ಪಾತ್ರೆ ಅಕ್ಷಯವಲ್ಲ ಮಾವ, ಮುಳ್ಳು ಸುಳ್ಳು ಹೇಳುತ್ತಿದೆ. ಅರ್ಧ ಎಂದದ್ದಾದರೂ ನಿಜವೋ ಏನೋ! ನೋಡದೆ ಘಟ್ಟ ಇಳಿಯುವುದು ಬೇಡ,” ಎಂದು ಅಳಿಯನು ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿದನು. ಇಳಿಜಾರಿನಲ್ಲಿ ಪೆಟ್ರೋಲು ಒಂದು ಕಡೆಗೆ ಸರಿಯುವುದರಿಂದ ಸರಿಯಾದ ಮಾಪಕವೂ ಅಲ್ಲಿ ತಪ್ಪು ಹೇಳುವುದು.

ಈ ಯಂತ್ರದ ಮರ್ಮವು ಸರಳವಾದುದು. ಟ್ಯಾಂಕಿನೊಳಗೆ ಒಂದು ಬೆಂಡು ತೇಲುತ್ತಿರುವುದು. ಅದರ ತೋಳು ಏರಿಳಿದಂತೆ ವಿದ್ಯುತ್ತಿನ ದಾರಿಯಲ್ಲಿ ತಡೆಯು ಹೆಚ್ಚುಕಡಮೆಯಾಗುವುದು. ಅಲ್ಲಿಂದ ಒಂದು ತಂತಿಯು ಮುಂದಿನ ಮಾಪಕಕ್ಕೆ ಬರುವುದು. ಟ್ಯಾಂಕಿಗೂ ಕಾರಿನ ಮೈಗೂ ‘ಅರ್ಥ್’ ಎಂಬ ಸಂಬಂಧವಿದ್ದರೆ ಮಾತ್ರ ಚಕ್ರವು ಪೂರ್ಣವಾಗುವುದು. ಎರಡು ಸುರುಳಿಗಳ ಹಳೆಯ ಮಾಪಕದಲ್ಲಿ ಈ ದಾರಿಯು ಕಡಿದರೆ ಮುಳ್ಳು ಪೂರ್ಣಕ್ಕೇರುವುದು. ತಂತಿಯು ಕಾರಿನ ಮೈಗೆ ತಗುಲಿದರೆ ಶೂನ್ಯಕ್ಕಿಳಿಯುವುದು. ಅನಂತರ ಬಂದ, ಕಾವಿನಿಂದ ಬಾಗುವ ಪಟ್ಟಿಯ ಮಾಪಕಗಳಲ್ಲಿ ಇದು ತಿರುವುಮುರುವು.

ನಮ್ಮ ತಾರ್ಕಿಕರು ಅನ್ವಯ–ವ್ಯತಿರೇಕಗಳೆಂದು ಹೇಳುವ ಕ್ರಮವನ್ನೇ, ಹೆಸರು ಕೇಳದ ಆ ಹುಡುಗನು ಅನುಸರಿಸಿದನು. ಮೊದಲು ಪೆಟ್ರೋಲಿನ ಸೋರಿಕೆಯಾಗಲಿ ವಾಸನೆಯಾಗಲಿ ಇಲ್ಲವೆಂದು ಪರೀಕ್ಷಿಸಿದನು. ಕೀಲಿಯನ್ನು ಆರಿಸಿ, ಟ್ಯಾಂಕಿನ ತಂತಿಯನ್ನು ಕಳಚಿ, ಅದನ್ನು ಟ್ಯಾಂಕಿನಿಂದ ದೂರವಾಗಿ ಕಾರಿನ ಮೈಗೆ ಬಿಗಿದು, ಆಮೇಲೆ ಕೀಲಿಯನ್ನು ತಿರುಗಿಸಿದನು. ಮುಳ್ಳು ಶೂನ್ಯಕ್ಕಿಳಿಯಿತು. ಆದುದರಿಂದ ಮಾಪಕವೂ ತಂತಿಯೂ ನಿರ್ದೋಷಿಗಳು; ದೋಷವು ಬೆಂಡಿನ ಉಪಕರಣದಲ್ಲಿರಬೇಕು, ಇಲ್ಲವೆ ಅರ್ಥಿನಲ್ಲಿರಬೇಕು. ಮತ್ತೆ ಕೀಲಿಯನ್ನು ಆರಿಸಿ, ತಂತಿಯನ್ನು ಮೊದಲಿನಂತೆ ಸೇರಿಸಿ, ಬೇರೊಂದು ತಂತಿಯಿಂದ ಆ ಉಪಕರಣದ ಲೋಹಕ್ಕೂ ಕಾರಿನ ಮೈಗೂ ಸಂಬಂಧ ಕಲ್ಪಿಸಿದನು. ಕೀಲಿ ತಿರುಗಿಸಲು, ಮುಳ್ಳು ಅರ್ಧಕ್ಕಿಂತ ತುಸು ಕೆಳಗೆ ಬಂದು ನಿಂತಿತು! ಅರ್ಥಿನ ತಿರುಪಿನ ಅಡಿಯಲ್ಲಿ ಮಲೆನಾಡಿನ ಮಳೆಯು ಬೆಳೆಸಿದ ತುಕ್ಕೇ ಅಪರಾಧಿ. ಉಪ್ಪುಕಾಗದದಿಂದ ತಿಕ್ಕಿ ತಿರುಪನ್ನು ಬಿಗಿದುದಾಯಿತು.

“ಈಗಲಾದರೂ ಮುಳ್ಳನ್ನು ನಂಬೋಣವೆ?” ಎಂದು ಅಕ್ಕನವರು ಕೇಳಿದರು. ಅಳಿಯನು ಭಾವನವರ ಪದ್ಧತಿಯಂತೆ, ಪೆಟ್ರೋಲು ಹಾಕಿಸಿದ ದಿನ, ಲೀಟರು, ಓಡಿದ ಕಿಲೋಮೀಟರುಗಳನ್ನು ಬರೆದಿಟ್ಟಿದ್ದ ಪುಸ್ತಕವನ್ನು ತೆಗೆದನು. ಲೆಕ್ಕವೂ ಮುಳ್ಳೂ ಒಂದೇ ಮಾತನ್ನಾಡಿದವು. “ಹಾಗಾದರೆ ನಡೆ ಮಗು,” ಎಂದರು. ಘಟ್ಟವಿಳಿದು, ಸೀತಾನದಿ, ಹೆಬ್ರಿಗಳನ್ನು ಹಾದು ದೀಪ ಹಚ್ಚುವ ಹೊತ್ತಿಗೆ ಮಣಿಪಾಲವನ್ನು ಸೇರಿದೆವು. ಚಿಕಿತ್ಸೆಯು ಸಾಂಗವಾಗಿ ನೆರವೇರಿ, ಕೆಲವು ವಾರಗಳಲ್ಲಿ ಅಕ್ಕನವರು ತಾವೇ ಪಂಚಾಂಗವನ್ನು ಓದತೊಡಗಿದರು.

ಅಂಬಾಸಡರ್ ಕಾರಿನ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಹಿರಿಯರ ನೆನಪಿಗಾಗಿ ಅದನ್ನು ಉಳಿಸಿಕೊಂಡಿರುವ ಮನೆಗಳು ಇನ್ನೂ ಉಂಟು. ಅಂತಹ ಗೃಹಸ್ಥರು, ಮುಳ್ಳು ತಪ್ಪಿದೊಡನೆ ಹೊಸ ಮಾಪಕಕ್ಕಾಗಿ ಅಲೆಯುವ ಮೊದಲು, ಒಂದು ತಿರುಪಿನ ತುಕ್ಕನ್ನು ನೋಡಲಿ. ಲೆಕ್ಕದ ಪುಸ್ತಕವೊಂದನ್ನು ಕಾರಿನಲ್ಲಿಯೇ ಇಟ್ಟಿರಲಿ. ಇಲ್ಲದ್ದನ್ನು ಇದೆಯೆಂದು ತೋರಿಸುವ ಮುಳ್ಳಿಗಿಂತ, ಇದ್ದಷ್ಟನ್ನೇ ಹೇಳುವ ಪುಸ್ತಕವು ಪ್ರಯಾಣದಲ್ಲಿ ಮೇಲಾದ ಸಂಗಾತಿ.