ಶಿರಾಡಿ ಇಳಿದಾಗ 28, ಹತ್ತಿದಾಗ 7

ಹೊಸ ಎಸ್‌ಯುವಿ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಊರಿಗೆ ಹೋದದ್ದು ಮಾತ್ರ ಒಂದೇ ಸಲ. ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: “ಗಾಡಿ ಸಿಕ್ಕಾಪಟ್ಟೆ ಪೆಟ್ರೋಲ್ ಕುಡಿಯುತ್ತೆ ಅಮ್ಮ, ಮುಂದಿನ ತಿಂಗಳು ನೋಡೋಣ.” ಒಂದು ದಿನ ಹೆಂಡತಿ ಕೇಳಿಯೇಬಿಟ್ಟಳು, “ಕುಡಿಯುತ್ತೆ ಅಂತೀರಲ್ಲ, ಎಷ್ಟು ಅಂತ ಯಾವತ್ತಾದ್ರೂ ಅಳೆದಿದ್ದೀರಾ?”

ಅಳೆದಿರಲಿಲ್ಲ. ಶೋರೂಮಿನಲ್ಲಿ 17 ಚಿಲ್ಲರೆ ಅಂದಿದ್ದರು. ಆ ಅಂಕಿ ಸುಳ್ಳೇನಲ್ಲ. ಪರೀಕ್ಷಾ ಕೇಂದ್ರದಲ್ಲಿ ಗಾಡಿಯನ್ನು ರೋಲರ್ ಮೇಲೆ ಓಡಿಸಿ, ಎಸಿ ಆಫ್ ಮಾಡಿ, ಗಂಟೆಗೆ 90 ಕಿ.ಮೀ. ದಾಟದಂತೆ ಅಳೆದದ್ದು ಅದು. ಅಲ್ಲಿ ಗೊರಗುಂಟೆಪಾಳ್ಯದ ಜಾಮೂ ಇಲ್ಲ, ಶಿರಾಡಿ ಘಾಟಿಯೂ ಇಲ್ಲ. ನಮ್ಮೂರು ಉಪ್ಪಿನಂಗಡಿಯ ದಾರಿಯಲ್ಲಿ ಎರಡೂ ಇವೆ.

ಶುಕ್ರವಾರ ರಾತ್ರಿಯೇ ಮನೆ ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದೆ. ಪೈಪ್ ಮೊದಲ ಸಲ ‘ಟಕ್’ ಅಂತ ತಾನೇ ನಿಂತಾಗ ಸಾಕು ಅಂದೆ. ರೌಂಡ್ ಫಿಗರಿಗಾಗಿ ಮತ್ತೆ ಮತ್ತೆ ಒತ್ತಿಸಿದರೆ ಲೆಕ್ಕ ಕೆಡುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿದ್ದಾಯ್ತು. ಐದಕ್ಕೆ ಹೊರಟೆವು.

ನೆಲಮಂಗಲ ದಾಟಿದ ಮೇಲೆ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ. ರಸ್ತೆ ಚೆನ್ನಾಗಿರುವುದರಿಂದ ಕಾಲು ತಾನಾಗಿಯೇ ಒತ್ತುತ್ತದೆ. ನಾನು 80–90ರಲ್ಲೇ ಇದ್ದೆ. ಎಸ್‌ಯುವಿಯ ಎತ್ತರದ ಮೈ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ನೂರು ದಾಟಿದರೆ ಆ ತಡೆ ಜೋರಾಗಿ ಏರುತ್ತದೆ, ಪೆಟ್ರೋಲೂ ಹಾಗೆಯೇ ಇಳಿಯುತ್ತದೆ. ಹಾಸನ ಬಿಟ್ಟು ಸಕಲೇಶಪುರದಲ್ಲಿ ಕಾಫಿಗೆ ನಿಂತಾಗ ಡ್ಯಾಶ್‌ಬೋರ್ಡ್ 15.8 ತೋರಿಸುತ್ತಿತ್ತು.

ಅಲ್ಲಿಂದ ಮುಂದೆ ದೋಣಿಗಾಲ್, ಮಾರನಹಳ್ಳಿ, ಆಮೇಲೆ ಬರೀ ಇಳಿಜಾರು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗುಂಡ್ಯ ತಲುಪುವಷ್ಟರಲ್ಲಿ ಅದರಲ್ಲಿ ಬಹುಪಾಲನ್ನು ಇಳಿದುಬಿಟ್ಟಿರುತ್ತೇವೆ. ಪಕ್ಕದಲ್ಲಿ ಕೆಂಪುಹೊಳೆ, ಮುಂದೆ ಲಾರಿಗಳ ಸಾಲು. ಘಾಟಿಯ ಇಳುಕಲಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಕೆಲವರು ನಂಬಿದ್ದಾರೆ. ಉಲ್ಟಾ! ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂದಿನ ಇಂಜಿನ್‌ಗಳು ಪೆಟ್ರೋಲನ್ನೇ ನಿಲ್ಲಿಸುತ್ತವೆ, ಚಕ್ರಗಳೇ ಇಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಉರಿಯುತ್ತಲೇ ಇರಬೇಕು, ಬ್ರೇಕಿನ ಮೇಲೂ ಪೂರ್ತಿ ಭಾರ. ಘಾಟಿ ಭಾಗಕ್ಕೆ ಎರಡನೇ ಟ್ರಿಪ್ ಮೀಟರ್ ಇಟ್ಟಿದ್ದೆ. ಅದು ತೋರಿಸಿದ್ದು 28! ಫೋಟೋ ತೆಗೆದು ಭಾವನಿಗೆ ಕಳಿಸೋಣ ಅನ್ನಿಸಿತು. ಅವರ ಗಾಡಿ ಊರಿಗೆ ಹೋಗುವಾಗ 18 ಕೊಡುತ್ತದೆ ಅಂತ ಪ್ರತಿ ಮದುವೆಮನೆಯಲ್ಲೂ ಹೇಳುತ್ತಾರೆ.

ನೇತ್ರಾವತಿ, ಕುಮಾರಧಾರಾ ಸೇರುವ ನಮ್ಮ ಉಪ್ಪಿನಂಗಡಿ ಬಂದಾಗ 298 ಕಿ.ಮೀ. ಆಗಿತ್ತು. ಬಂಕಿನಲ್ಲಿ ಹಿಡಿದದ್ದು 18.4 ಲೀಟರ್, ಅಂದರೆ 16.2. ಡ್ಯಾಶ್‌ಬೋರ್ಡ್ ಮಾತ್ರ 17.1 ಅನ್ನುತ್ತಿತ್ತು.

ಅಮ್ಮ ಗೇಟಿನಲ್ಲೇ ಇದ್ದರು. ನಾನು ಡೈರಿಯಲ್ಲಿ ಬರೆಯುತ್ತಿದ್ದುದು ನೋಡಿ, “ಎಂತದು ಮಾರಾಯ, ಅಂಗಡಿ ಲೆಕ್ಕವಾ? ಮೊದಲು ಒಳಗೆ ಬಾ, ನೀರುದೋಸೆ ಉಂಟು” ಅಂದರು.

ಭಾನುವಾರ ವಾಪಸ್. ಅದೇ ಘಾಟಿ, ಆದರೆ ಈಗ ಏರು. ತುಂಬಿದ ಲಾರಿಯ ಹಿಂದೆ ಒಂದು, ಎರಡನೇ ಗೇರಿನಲ್ಲಿ ತೆವಳುವಾಗ ಮೀಟರ್ 7ಕ್ಕೆ ಬಂತು. 28 ಮತ್ತು 7ರ ಸರಾಸರಿ 17.5 ಅಂತ ನಾವು ಥಟ್ಟನೆ ಹೇಳುತ್ತೇವೆ. ಘಾಟಿ 28 ಕಿ.ಮೀ. ಎಂದಿಟ್ಟುಕೊಳ್ಳಿ. ಇಳಿಯಲು ಒಂದು ಲೀಟರ್, ಹತ್ತಲು ನಾಲ್ಕು. ಒಟ್ಟು 56 ಕಿ.ಮೀ.ಗೆ ಐದು ಲೀಟರ್. ನಿಜವಾದ ಮೈಲೇಜ್ 11.2! ಮೈಲೇಜ್‌ಗಳನ್ನು ಕೂಡಿ ಭಾಗಿಸಬಾರದು. ಕಿಲೋಮೀಟರ್ ಬೇರೆ, ಲೀಟರ್ ಬೇರೆ ಕೂಡಿ ಆಮೇಲೆ ಭಾಗಿಸಬೇಕು. ಹೋಗುವಾಗಿನದ್ದು ಮಾತ್ರ ಹೇಳಿದರೆ ಅದು ಭಾವನ ಲೆಕ್ಕ.

ನೆಲಮಂಗಲದಿಂದ ಈಚೆಗೆ ಭಾನುವಾರ ಸಂಜೆಯ ಜಾಮ್ ನಿಮಗೆ ಗೊತ್ತೇ ಇದೆ. ಹೊರಟ ಬಂಕಿಗೇ ಬಂದು ಮತ್ತೆ ಮೊದಲ ‘ಟಕ್’ವರೆಗೆ ತುಂಬಿಸಿದೆ. ಒಂದೊಂದು ಬಂಕಿನ ಪೈಪ್ ಒಂದೊಂದು ಮಟ್ಟದಲ್ಲಿ ನಿಲ್ಲಬಹುದು. ಅದಕ್ಕೇ ಶುರು, ಕೊನೆ ಎರಡೂ ಒಂದೇ ಕಡೆ ಇರಬೇಕು. ವಾಪಸ್ 300 ಕಿ.ಮೀ.ಗೆ 22.1 ಲೀಟರ್. ಒಟ್ಟು 598 ಕಿ.ಮೀ., 40.5 ಲೀಟರ್. ನನ್ನ ಗಾಡಿಯ ನಿಜವಾದ ಮೈಲೇಜ್ 14.8.

ಲೀಟರಿಗೆ 103 ರೂಪಾಯಿಯಂತೆ 4,170 ರೂಪಾಯಿ. ಟೋಲ್ ಬೇರೆ. ಕಡಿಮೆಯೇನಲ್ಲ. ಆದರೆ ನಾನು ಎಂಟು ತಿಂಗಳಿಂದ ಅಮ್ಮನಿಗೆ ಹೇಳುತ್ತಿದ್ದಷ್ಟು ಭಯಂಕರವೂ ಅಲ್ಲ. ಕಳೆದ ತಿಂಗಳು ಮನೆಗೆ ತರಿಸಿದ ಊಟದ ಬಿಲ್ ಕೂಡಿದೆ. ಅದೇ ಇದಕ್ಕಿಂತ ಜಾಸ್ತಿ ಇತ್ತು.

ಮನೆ ತಲುಪಿದೆವು ಅಂತ ಹೇಳಲು ಫೋನ್ ಮಾಡಿದಾಗ ಅಮ್ಮ ಕೇಳಿದರು, “ನಿನ್ನ ಲೆಕ್ಕ ಎಂತ ಆಯ್ತು?” ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಎರಡು ತಿಂಗಳಿಗೊಮ್ಮೆ ಬರ್ಲಿಕ್ಕೆ ಆಗ್ತದಲ್ಲಾ?” ಅಂದರು.

ಆಗ್ತದೆ ಅಂದೆ. ಡೈರಿಯ ಮುಂದಿನ ಪುಟದಲ್ಲಿ ತಾರೀಖು ಬರೆದಿಟ್ಟಿದ್ದೇನೆ, ಕಿಲೋಮೀಟರ್ ಜಾಗ ಖಾಲಿ ಬಿಟ್ಟು.